ನಿಮ್ಮೂರಿಗೆ ಲೈಟ್ ರೈಲ್ ಬೇಕಾ? ಹಳಿ ಹಾಕುವ ಮೊದಲು ಮಾಡಬೇಕಾದ ಕೆಲಸಗಳು

ಸಂಜೆ ಆರು ಗಂಟೆಗೆ ಹುಬ್ಬಳ್ಳಿಯ ಚೆನ್ನಮ್ಮ ಸರ್ಕಲ್‌ನಲ್ಲಿ ಹತ್ತು ನಿಮಿಷ ನಿಂತು ನೋಡಿ. "ನಮ್ಮೂರಿಗೂ ಮೆಟ್ರೋ ಬರಬೇಕ್ರೀ" ಅನ್ನುವ ಮಾತು ಯಾರದಾದರೂ ಬಾಯಿಂದ ಕೇಳೇ ಕೇಳುತ್ತೀರಿ. ಮೈಸೂರಿನಲ್ಲೂ ಅದೇ, ಮಂಗಳೂರಿನಲ್ಲೂ ಅದೇ. ಆಸೆ ಸರಿಯಾದದ್ದೇ. ಆದರೆ ಬೆಂಗಳೂರಿನ ಮೆಟ್ರೋ ಮೂರನೇ ಹಂತದ ಲೆಕ್ಕ ಸ್ವಲ್ಪ ನೋಡಿ. 2024ರ ಆಗಸ್ಟ್‌ನಲ್ಲಿ ಕೇಂದ್ರ ಒಪ್ಪಿದ ಆ ಯೋಜನೆ 44.65 ಕಿಲೋಮೀಟರ್ ಉದ್ದ. ಅಂದಾಜು ವೆಚ್ಚ 15,611 ಕೋಟಿ ರೂಪಾಯಿ. ಅಂದರೆ ಕಿಲೋಮೀಟರಿಗೆ ಸುಮಾರು 350 ಕೋಟಿ. ಹತ್ತು ಹನ್ನೆರಡು ಲಕ್ಷ ಜನರಿರುವ ಊರು ಈ ಭಾರ ಹೊರುವುದು ಕಷ್ಟ.

ಅಂಥ ಊರಿಗೆ ಹೊಂದುವುದು ಲೈಟ್ ರೈಲ್. ಹೆಚ್ಚಾಗಿ ರಸ್ತೆಯ ಮಟ್ಟದಲ್ಲೇ, ತನಗೆಂದು ಬಿಟ್ಟ ಜಾಗದಲ್ಲಿ ಓಡುವ ಎರಡು ಮೂರು ಬೋಗಿಯ ಕರೆಂಟ್ ರೈಲು. ಹಳೆಯ ಟ್ರಾಮ್‌ನ ಈ ಕಾಲದ ರೂಪ ಅನ್ನಬಹುದು. ಕೇಂದ್ರ ಸರ್ಕಾರ 2019ರಲ್ಲಿ ಇದಕ್ಕೆ ಮೆಟ್ರೋಲೈಟ್ ಎಂದು ಹೆಸರಿಟ್ಟು ಮಾನದಂಡ ಹೊರಡಿಸಿತು. ಮೂರು ಬೋಗಿ, ಒಂದು ರೈಲಿಗೆ ಸುಮಾರು 300 ಜನ, ಗರಿಷ್ಠ ವೇಗ ಗಂಟೆಗೆ 60 ಕಿಲೋಮೀಟರ್. ಖರ್ಚು ಮೆಟ್ರೋದ ಶೇ. 40ರಷ್ಟು ಎಂಬ ಅಂದಾಜು. ದೊಡ್ಡ ನಿಲ್ದಾಣ ಬೇಡ, ಟಿಕೆಟ್ ಗೇಟು ಬೇಡ, ಬ್ಯಾಗ್ ಸ್ಕ್ಯಾನರ್ ಬೇಡ. ಬಸ್ ಸ್ಟಾಪಿನಂಥ ಒಂದು ಸೂರು ಸಾಕು.

ದೆಹಲಿ, ಗೋರಖಪುರ ಹೀಗೆ ಹಲವು ಕಡೆ ಮೆಟ್ರೋಲೈಟ್ ವರದಿಗಳು ತಯಾರಾದವು. ನಾನು ಇದನ್ನು ಬರೆಯುವ ಹೊತ್ತಿಗೂ ಜನ ಹತ್ತಿ ಓಡಾಡುವ ಒಂದು ಮಾರ್ಗವೂ ನಮ್ಮ ದೇಶದಲ್ಲಿ ಇಲ್ಲ. ಹಾಗಾಗಿ ಪಾಠಕ್ಕೆ ಹೊರಗಿನ ಊರುಗಳನ್ನೂ ನೋಡಬೇಕಾಗುತ್ತದೆ. ನಾನು ಕೆಲವು ವರ್ಷ ಸಾರಿಗೆ ಸರ್ವೆ ಕೆಲಸದಲ್ಲಿದ್ದವನು. ಓದಿದ್ದರಿಂದ ಮತ್ತು ಕಂಡದ್ದರಿಂದ ನನಗೆ ಖಾತ್ರಿಯಾದದ್ದು ಇಷ್ಟು: ಈ ಯೋಜನೆಗಳು ಕೆಡುವುದು ಬಹುಪಾಲು ಕೆಲಸದ ಸರದಿ ತಪ್ಪಿದಾಗ. ನೆಲ ಅಗೆದು ನೋಡುವ ಮೊದಲೇ ಟೆಂಡರ್ ಕೊಡುತ್ತಾರೆ. ಓಡಿಸುವ ದುಡ್ಡು ಯಾರದು ಎಂದು ಕೇಳುವ ಮೊದಲೇ ಶಂಕುಸ್ಥಾಪನೆ ಮಾಡುತ್ತಾರೆ. ವಾರ್ಡ್ ಸಮಿತಿಯವರು, ಕಾರ್ಪೊರೇಟರ್‌ಗಳು, ಊರಿನ ಬಗ್ಗೆ ಕಾಳಜಿ ಇರುವ ಯಾರಾದರೂ ಸರಿ, ಸರಿಯಾದ ಸರದಿ ಯಾವುದು ಎಂದು ತಿಳಿದಿರಬೇಕು. ಅದಕ್ಕೇ ಈ ಲೇಖನ.

ಮೊದಲು ತಲೆ ಎಣಿಸಿ

ಬೆಳಗ್ಗೆಯೋ ಸಂಜೆಯೋ ಜನ ಅತಿ ಹೆಚ್ಚು ಓಡಾಡುವ ಒಂದು ಗಂಟೆ, ಒಂದೇ ದಿಕ್ಕು. ಆ ರಸ್ತೆಯಲ್ಲಿ ಎಷ್ಟು ಜನ ಹೋಗುತ್ತಾರೆ? ಎಲ್ಲ ಲೆಕ್ಕವೂ ಇಲ್ಲಿಂದಲೇ ಶುರು. ಮೆಟ್ರೋಲೈಟ್ ಗಂಟೆಗೆ 15,000 ಜನರವರೆಗೆ ಹೊರಬಲ್ಲದು ಎನ್ನುತ್ತದೆ ಮಾನದಂಡ. 8,000ದ ಒಳಗಿದ್ದರೆ ಮೆಟ್ರೋ ನಿಯೋ ಎಂಬ, ರಬ್ಬರ್ ಗಾಲಿಯ ಕರೆಂಟ್ ಬಸ್ ಕೂಡ ಸಾಕು. ಎರಡು ಮೂರು ಸಾವಿರ ಇದ್ದರೆ ಒಳ್ಳೆಯ ಬಸ್ ಲೇನ್ ಒಂದೇ ಕೆಲಸ ಮುಗಿಸುತ್ತದೆ.

ಈ ಎಣಿಕೆಯನ್ನು ನೀವೂ ಮಾಡಬಹುದು. ನಾವು ಮಾಡುತ್ತಿದ್ದದ್ದು ಹೀಗೆ. ರಸ್ತೆಬದಿ ಪ್ಲಾಸ್ಟಿಕ್ ಕುರ್ಚಿ, ತೊಡೆಯ ಮೇಲೆ ಪ್ಯಾಡ್, ಎಡಗೈಯಲ್ಲಿ ಕ್ಲಿಕ್ಕರ್. ಬಸ್ಸು ಕಣ್ಣ ಮುಂದೆ ದಾಟಿ ಹೋಗುವುದಕ್ಕೆ ಮೂರು ಸೆಕೆಂಡ್. ಅಷ್ಟರಲ್ಲಿ ಒಳಗಿನ ತಲೆ ಎಣಿಸಲು ಆಗುವುದಿಲ್ಲ. ಅದಕ್ಕೆ ನಾಲ್ಕು ಗುರುತು ಇಟ್ಟುಕೊಂಡಿದ್ದೆವು. ಸೀಟು ಖಾಲಿ ಇದ್ದರೆ ಒಂದು, ಸೀಟು ಭರ್ತಿಯಾಗಿದ್ದರೆ ಎರಡು, ಜನ ನಿಂತಿದ್ದರೆ ಮೂರು, ಬಾಗಿಲಲ್ಲಿ ಜೋತಾಡುತ್ತಿದ್ದರೆ ನಾಲ್ಕು. ಒಂದೊಂದು ಗುರುತಿಗೆ ಇಷ್ಟು ಜನ ಎಂದು ಮೊದಲೇ ಡಿಪೋದಲ್ಲಿ ಬಸ್ ಹತ್ತಿ ಎಣಿಸಿರುತ್ತಿದ್ದೆವು. ಸಂಜೆ ಐದೂವರೆಯಿಂದ ಏಳೂವರೆವರೆಗೆ, ಮಂಗಳವಾರ, ಬುಧವಾರ, ಗುರುವಾರ. ಸೋಮವಾರ ಮತ್ತು ಶುಕ್ರವಾರ ಊರಿಗೆ ಹೋಗಿ ಬರುವವರು ಸೇರಿ ಲೆಕ್ಕ ಕೆಡುತ್ತದೆ.

ಒಂದು ಸಂಜೆ ಗಂಟೆಗೆ 42 ಬಸ್ ಬಂದವು ಎನ್ನೋಣ, ಸರಾಸರಿ 50 ಜನ. ಅಲ್ಲಿಗೆ 2,100 ಆಯಿತು. ಬೈಕು, ಆಟೋ, ಕಾರಿನಲ್ಲಿ ಹೋಗುವವರಲ್ಲಿ ಎಷ್ಟು ಜನ ರೈಲಿಗೆ ಬರುತ್ತಾರೆ? ಇಲ್ಲೇ ಅಂಕಿ ಉಬ್ಬುವುದು. ವರದಿ ಬರೆಯುವವರಿಗೆ ದೊಡ್ಡ ಅಂಕಿಯ ಕಡೆ ಒಲವು ಜಾಸ್ತಿ, ಏಕೆಂದರೆ ಯೋಜನೆ ಪಾಸಾಗಬೇಕು. ಹಾಗಾಗಿ ವರದಿ ಕೈಗೆ ಬಂದಾಗ ಬೇರೆಲ್ಲ ಪುಟ ಬಿಟ್ಟು ಮೊದಲು ಈ ಪುಟ ತೆರೆಯಿರಿ. ಇವತ್ತಿನ ಬಸ್ ಪ್ರಯಾಣಿಕರು ಎಷ್ಟು, ಮೊದಲ ವರ್ಷದ ರೈಲು ಪ್ರಯಾಣಿಕರು ಎಷ್ಟು ಎಂದು ಪಕ್ಕಪಕ್ಕ ಇಟ್ಟು ನೋಡಿ. ಎರಡನೆಯದು ಮೊದಲನೆಯದಕ್ಕಿಂತ ಮೂರು ಪಟ್ಟಿದ್ದರೆ ಆ ಜನ ಎಲ್ಲಿಂದ ಬರುತ್ತಾರೆ ಎಂದು ಕೇಳಿ.

ಕರ್ನಾಟಕದಲ್ಲಿ ಇನ್ನೊಂದು ಲೆಕ್ಕವೂ ಇದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್‌ಗಳಲ್ಲಿ ಟಿಕೆಟ್ ಇಲ್ಲ. ಅದೇ ರಸ್ತೆಯಲ್ಲಿ 20 ರೂಪಾಯಿ ಟಿಕೆಟ್ಟಿನ ರೈಲು ಬಂದರೆ ದಿನಾ ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಗಳು ಯಾವುದು ಹತ್ತುತ್ತಾಳೆ? ತಿಂಗಳಿಗೆ ಸಾವಿರ ರೂಪಾಯಿಯ ಪ್ರಶ್ನೆ ಅದು. ರೈಲಿಗೂ ಶಕ್ತಿ ಕೊಡುತ್ತೀರಾ, ಕೊಟ್ಟರೆ ಆ ದುಡ್ಡು ರಾಜ್ಯ ತುಂಬುತ್ತದಾ? ವರದಿಯಲ್ಲಿ ಇದಕ್ಕೆ ಉತ್ತರ ಇರಲೇಬೇಕು.

ದಾರಿ ಆರಿಸುವಾಗ

ಜಾಗ ಸುಲಭವಾಗಿ ಸಿಗುವ ಕಡೆ ಹಳಿ ಹಾಕಿಬಿಡುವ ಆಸೆ ಎಲ್ಲರಿಗೂ ಬರುತ್ತದೆ. ರಿಂಗ್ ರೋಡ್ ಅಗಲವಾಗಿದೆ, ಅಲ್ಲೇ ಓಡಲಿ ಅನ್ನುತ್ತಾರೆ. ಆದರೆ ರಿಂಗ್ ರೋಡ್ ಬದಿಯಲ್ಲಿ ಆಸ್ಪತ್ರೆ, ಮಾರುಕಟ್ಟೆ, ಕಾಲೇಜು ಎಷ್ಟಿವೆ? ರೈಲು ಹೋಗಬೇಕಾದ್ದು ಜನ ಇಳಿಯುವ ಜಾಗಕ್ಕೆ. ಅದು ಹೆಚ್ಚಾಗಿ ಊರಿನ ಇಕ್ಕಟ್ಟಾದ ನಡುಭಾಗವೇ ಆಗಿರುತ್ತದೆ.

ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್ ಇದೇ ಇಕ್ಕಟ್ಟಿಗೆ ಸಿಕ್ಕಿತ್ತು. 1980ರ ದಶಕದಲ್ಲಿ ಅಲ್ಲಿ ನೆಲದಡಿ ಓಡುವ ಸಣ್ಣ ಮೆಟ್ರೋ ತರುವ ಯೋಜನೆ ಸಿದ್ಧವಿತ್ತು. ರಸ್ತೆ ಕಾರುಗಳಿಗೇ ಉಳಿಯಲಿ ಎಂದು ಅಂಗಡಿಯವರೂ ಅದರ ಪರ ಇದ್ದರು. 1989ರ ಚುನಾವಣೆಯಲ್ಲಿ ಗೆದ್ದು ಮೇಯರ್ ಆದ ಕ್ಯಾಥರೀನ್ ಟ್ರಾಟ್‌ಮನ್ ಅದನ್ನು ಕೈಬಿಟ್ಟು ರಸ್ತೆ ಮೇಲಿನ ಟ್ರಾಮ್ ಆರಿಸಿದರು. ಊರ ನಡುವೆ ಕಾರುಗಳು ಹಾದು ಹೋಗುವುದನ್ನೇ ನಿಲ್ಲಿಸಿದರು. ಟ್ರಾಮ್ 1994ರ ನವೆಂಬರ್‌ನಲ್ಲಿ ಓಡಿತು. ಮರುವರ್ಷದ ಚುನಾವಣೆಯಲ್ಲಿ ಜನ ಅವರನ್ನೇ ಮತ್ತೆ ಗೆಲ್ಲಿಸಿದರು. ಲೈಟ್ ರೈಲ್ ಬೇಕು, ಆದರೆ ಕಾರಿಗೆ ಒಂದಡಿಯೂ ಕಮ್ಮಿ ಆಗಬಾರದು ಅಂದರೆ ಕಂಬದ ಮೇಲೆ ಕಟ್ಟಬೇಕಾಗುತ್ತದೆ. ಆಗ ಖರ್ಚು ಮೆಟ್ರೋ ಹತ್ತಿರಕ್ಕೇ ಹೋಗುತ್ತದೆ. ಈ ಮಾತನ್ನು ಜನರ ಮುಂದೆ ಮೊದಲ ಸಭೆಯಲ್ಲೇ ಹೇಳಿಬಿಡುವುದು ಒಳ್ಳೆಯದು.

ಜೋಡಿ ಹಳಿಗೆ ಸುಮಾರು ಏಳು ಮೀಟರ್ ಅಗಲ ಬೇಕು. ಸ್ಟಾಪ್ ಇರುವಲ್ಲಿ ಇನ್ನೂ ಮೂರು ಮೀಟರ್ ಇಟ್ಟುಕೊಳ್ಳಿ. ರಸ್ತೆ ತಿರುವಿನಲ್ಲಿ ಸುಮಾರು 25 ಮೀಟರ್ ತ್ರಿಜ್ಯ ಸಿಗಬೇಕು. ಒಂದು ಭಾನುವಾರ ಬೆಳಗ್ಗೆ ಟೇಪ್ ಹಿಡಿದು ಹೋದರೆ ಯಾವ ರಸ್ತೆ ಆಗುತ್ತದೆ, ಯಾವುದು ಆಗುವುದಿಲ್ಲ ಎಂದು ನಿಮಗೇ ಗೊತ್ತಾಗುತ್ತದೆ.

ನಮ್ಮ ಊರುಗಳಿಗೆ ಮಾತ್ರ ಇರುವ ಒಂದು ತೊಡಕು ತೇರು. ರೈಲಿಗೆ ಕರೆಂಟು ಕೊಡುವ ತಂತಿ ರಸ್ತೆಯ ಮೇಲೆ ಐದಾರು ಮೀಟರ್ ಎತ್ತರದಲ್ಲಿ ಹೋಗುತ್ತದೆ. ರಥಬೀದಿಯಲ್ಲಿ ತೇರಿನ ಕಳಸ ಅದಕ್ಕಿಂತ ಎತ್ತರ. ಮೈಸೂರಿನ ಸಯ್ಯಾಜಿರಾವ್ ರಸ್ತೆಯಲ್ಲಿ ತಂತಿ ಎಳೆದರೆ ಜಂಬೂಸವಾರಿಯಲ್ಲಿ ಅಂಬಾರಿ ಹೊತ್ತ ಆನೆ ಬನ್ನಿಮಂಟಪಕ್ಕೆ ಹೋಗುವುದು ಹೇಗೆ? ಇದಕ್ಕೆ ಉಪಾಯ ಇಲ್ಲ ಅಂತಲ್ಲ. ಫ್ರಾನ್ಸ್‌ನ ಬೋರ್ಡೋ ನಗರ 2003ರಲ್ಲೇ ತನ್ನ ಹಳೆಯ ಊರಿನ ಅಂದ ಕೆಡಬಾರದೆಂದು ತಂತಿ ಬಿಟ್ಟು, ಎರಡು ಹಳಿಗಳ ನಡುವೆ ನೆಲದಿಂದಲೇ ಕರೆಂಟು ತೆಗೆದುಕೊಳ್ಳುವ ಟ್ರಾಮ್ ಓಡಿಸಿತು. ರೈಲು ಮೇಲಿರುವಷ್ಟು ಹೊತ್ತು ಮಾತ್ರ ಆ ತುಂಡಿಗೆ ಕರೆಂಟು ಬರುತ್ತದೆ. ಈಗ ಬ್ಯಾಟರಿ ಇಟ್ಟುಕೊಂಡು ಕೆಲವು ಸ್ಟಾಪ್‌ಗಳನ್ನು ತಂತಿ ಇಲ್ಲದೆ ದಾಟುವ ರೈಲುಗಳೂ ಇವೆ. ಆದರೆ ಖರ್ಚು ಜಾಸ್ತಿ. ಆದ್ದರಿಂದ ತೇರಿನ ಬೀದಿಗಳ ಪಟ್ಟಿಯನ್ನು ನಕ್ಷೆ ಬರೆಯುವ ದಿನವೇ ಮೇಜಿನ ಮೇಲಿಡಬೇಕು.

ಕಾಗದದ ದಾರಿ

ಇದನ್ನು ಚಿಕ್ಕದಾಗಿ ಹೇಳುತ್ತೇನೆ. 2017ರ ಮೆಟ್ರೋ ರೈಲು ನೀತಿ ಪ್ರಕಾರ ಮೊದಲು ಇಡೀ ಊರಿನ ಸಮಗ್ರ ಸಂಚಾರ ಯೋಜನೆ ಇರಬೇಕು. ಆಮೇಲೆ ಪರ್ಯಾಯಗಳ ವಿಶ್ಲೇಷಣೆ. ಅಂದರೆ ಅದೇ ದಾರಿಯಲ್ಲಿ ಬಸ್, ಬಿಆರ್‌ಟಿಎಸ್ (ಬಸ್ಸಿಗೇ ಮೀಸಲಾದ ಪಥ), ಲೈಟ್ ರೈಲ್, ಮೆಟ್ರೋ ಎಲ್ಲವನ್ನೂ ತೂಗಿ ನೋಡಬೇಕು. ಅದರಲ್ಲಿ ಗೆದ್ದದ್ದಕ್ಕೆ ಮಾತ್ರ ವಿಸ್ತೃತ ಯೋಜನಾ ವರದಿ, ನಾವೆಲ್ಲ ಡಿಪಿಆರ್ ಅನ್ನುವುದು. ರಾಜ್ಯ ಸಂಪುಟ ಒಪ್ಪಿ, ಕೇಂದ್ರದ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯಕ್ಕೆ ಹೋಗಿ, ಸಾರ್ವಜನಿಕ ಹೂಡಿಕೆ ಮಂಡಳಿ ದಾಟಿ, ಕೇಂದ್ರ ಸಂಪುಟದ ಮುಂದೆ ಬರುತ್ತದೆ. ಊರಿಗೆ ಆಗುವ ಒಟ್ಟು ಲಾಭದ ದರ, ಅಂದರೆ ಉಳಿಯುವ ಸಮಯ, ಇಂಧನ, ಅಪಘಾತ ಎಲ್ಲ ಸೇರಿಸಿ, ಕನಿಷ್ಠ ಶೇ. 14 ಇರಬೇಕು ಎನ್ನುತ್ತದೆ ನೀತಿ. ಊರಿನ ಎಲ್ಲ ಸಾರಿಗೆಯನ್ನೂ ಒಂದೇ ಕಡೆಯಿಂದ ನೋಡುವ ಪ್ರಾಧಿಕಾರ ಬೇಕು. ನಿಲ್ದಾಣದ ಸುತ್ತ ಐದು ಕಿಲೋಮೀಟರ್‌ವರೆಗೆ ಜನರನ್ನು ನಿಲ್ದಾಣಕ್ಕೆ ತಂದು ಬಿಡುವ ಬಸ್ಸಿನ ವ್ಯವಸ್ಥೆಯೂ ಬೇಕು.

ಪರ್ಯಾಯಗಳ ವಿಶ್ಲೇಷಣೆಯನ್ನು ಸುಮ್ನೆ ಶಾಸ್ತ್ರಕ್ಕೆ ಮಾಡಿ ಮುಗಿಸಲು ಬಿಡಬೇಡಿ. ಹುಬ್ಬಳ್ಳಿ-ಧಾರವಾಡದ ನಡುವೆ ಸುಮಾರು 22 ಕಿಲೋಮೀಟರ್ ಪ್ರತ್ಯೇಕ ಪಥದಲ್ಲಿ 2018ರಿಂದ ಚಿಗರಿ ಬಸ್ಸು ಓಡುತ್ತಿದೆ. ಅಂಥ ಪಥ ಇರುವ ಊರಿಗೆ ರೈಲಿನ ಪ್ರಶ್ನೆ ಬೇರೆ, ಏನೂ ಇಲ್ಲದ ಊರಿಗೆ ಬೇರೆ.

ವೇಗ ಅಂದರೆ ದುಡ್ಡು

ಒಂದು ಸಣ್ಣ ಲೆಕ್ಕ ಹಾಕೋಣ. ಕಾಗದ ಪೆನ್ನು ತಗೊಳ್ಳಿ. ಅಂಕಿಗಳು ಉದಾಹರಣೆಗೆ ನಾನೇ ಇಟ್ಟವು.

12 ಕಿಲೋಮೀಟರ್ ಮಾರ್ಗ. ಸ್ಟಾಪ್‌ಗಳಲ್ಲಿ ನಿಂತು ಹೊರಡುವ ಸಮಯವೂ ಸೇರಿ ರೈಲಿನ ಸರಾಸರಿ ವೇಗ ಗಂಟೆಗೆ 20 ಕಿಲೋಮೀಟರ್. ಒಂದು ಬದಿಗೆ 36 ನಿಮಿಷ, ಹೋಗಿ ಬರಲು 72. ಎರಡೂ ತುದಿಯಲ್ಲಿ ಆರಾರು ನಿಮಿಷ ನಿಂತರೆ ಒಟ್ಟು 84 ನಿಮಿಷ. ಆರು ನಿಮಿಷಕ್ಕೊಂದು ರೈಲು ಬೇಕೆಂದರೆ 84ನ್ನು 6ರಿಂದ ಭಾಗಿಸಿ. 14 ರೈಲು ಬೇಕು. ರಿಪೇರಿಗೆ ನಿಲ್ಲುವುದು ಎರಡು ಸೇರಿಸಿ 16.

ಈಗ ಸಿಗ್ನಲ್‌ಗಳಲ್ಲಿ ರೈಲಿಗೆ ಮೊದಲ ದಾರಿ ಕೊಡಲಿಲ್ಲ ಎನ್ನೋಣ. ಬೈಕಿನವರು ಹಳಿ ಮೇಲೇ ನಿಲ್ಲುತ್ತಾರೆ. ವೇಗ 15ಕ್ಕೆ ಇಳಿಯಿತು. ಒಂದು ಬದಿಗೆ 48 ನಿಮಿಷ, ಒಟ್ಟು ಸುತ್ತು 108 ನಿಮಿಷ. ಅದೇ ಆರು ನಿಮಿಷದ ಸೇವೆಗೆ ಈಗ 18 ರೈಲು ಬೇಕು, ರಿಪೇರಿಯದ್ದು ಬೇರೆ. ನಾಲ್ಕು ರೈಲು, ಅವನ್ನು ಓಡಿಸುವ ಚಾಲಕರು, ನಿಲ್ಲಿಸಲು ಡಿಪೋ ಜಾಗ, ಎಲ್ಲ ಹೆಚ್ಚುವರಿ. ಜನರಿಗೆ ಸಿಕ್ಕಿದ್ದು 12 ನಿಮಿಷ ತಡ. ಅವರಲ್ಲಿ ಹಲವರು ಮತ್ತೆ ಬೈಕಿಗೆ ಹೋಗುತ್ತಾರೆ.

ಹಾಗಾಗಿ ಡಿಪಿಆರ್ ನೋಡುವಾಗ ಒಂದೊಂದು ಸರ್ಕಲ್‌ನ ಹೆಸರು ಹಿಡಿದು ಕೇಳಿ. ಇಲ್ಲಿ ರೈಲು ಬಂದಾಗ ಸಿಗ್ನಲ್ ತಾನಾಗಿ ಹಸಿರಾಗುತ್ತದಾ? ಟ್ರಾಫಿಕ್ ಪೊಲೀಸರು ಇದಕ್ಕೆ ಲಿಖಿತವಾಗಿ ಒಪ್ಪಿದ್ದಾರಾ? "ಆಮೇಲೆ ನೋಡೋಣ" ಎಂಬ ಉತ್ತರ ಬಂದರೆ ನಾಲ್ಕು ರೈಲಿನ ದುಡ್ಡನ್ನು ಈಗಲೇ ಬಜೆಟ್‌ಗೆ ಸೇರಿಸಲು ಹೇಳಿ.

ನೆಲದಡಿ ಏನಿದೆ?

ಇಡೀ ಲೇಖನದಲ್ಲಿ ಒಂದೇ ಒಂದು ಭಾಗ ಓದುತ್ತೀರಿ ಅಂದರೆ ಇದನ್ನೇ ಓದಿ.

ರೈಲು ಓಡುವ ಹಳಿಯ ಕೆಳಗೆ ಪೈಪು, ಕೇಬಲ್ ಇರಬಾರದು. ಒಂದು ಪೈಪು ಒಡೆದರೂ ರಿಪೇರಿಗೆಂದು ಹಳಿ ಕೀಳಬೇಕಾಗುತ್ತದೆ, ಸೇವೆ ನಿಲ್ಲುತ್ತದೆ. ಇನ್ನೊಂದು ಕಾರಣವೂ ಇದೆ. ರೈಲಿಗೆ ತಂತಿಯಿಂದ ಬಂದ ಕರೆಂಟು ಹಳಿಯ ಮೂಲಕ ವಾಪಸ್ ಹೋಗುತ್ತದೆ. ಅದರಲ್ಲಿ ಸ್ವಲ್ಪ ಮಣ್ಣಿಗೆ ಸೋರಿದರೂ ಹತ್ತಿರದ ಕಬ್ಬಿಣದ ಪೈಪು ಬೇಗ ತುಕ್ಕು ಹಿಡಿಯುತ್ತದೆ. ಹಾಗಾಗಿ ಹಳಿ ಹಾಕುವ ಮುಂಚೆ ನೀರು, ಒಳಚರಂಡಿ, ವಿದ್ಯುತ್, ಗ್ಯಾಸ್, ಟೆಲಿಫೋನ್ ಎಲ್ಲವನ್ನೂ ಪಕ್ಕಕ್ಕೆ ಸರಿಸಬೇಕು.

ಎಲ್ಲಿವೆ ಅವು? ನಕ್ಷೆ ನಂಬಿ ಕೂರುವ ಹಾಗಿಲ್ಲ. ನಮ್ಮದೇ ರಾಜ್ಯದ ಒಂದು ಊರಿನಲ್ಲಿ ರಸ್ತೆ ಕೆಲಸಕ್ಕೆ ಪರೀಕ್ಷಾ ಗುಂಡಿ ತೆಗೆಸುವಾಗ ನಾನಿದ್ದೆ. ಕಚೇರಿಯಿಂದ ಬಂದ ನಕ್ಷೆಯಲ್ಲಿ ಒಂದು ನೀರಿನ ಪೈಪು ಇತ್ತು. ಜೆಸಿಬಿ ಬೇಡ, ಕೈಯಲ್ಲೇ ಅಗೆಯಿರಿ ಎಂದು ಮೇಸ್ತ್ರಿ ಹೇಳಿದ. ಅವನಿಗೆ ಅನುಭವ ಇತ್ತು. ಒಂದಡಿಗೆ ಕಿತ್ತಳೆ ಬಣ್ಣದ ಕೇಬಲ್ ಕೊಳವೆ, ಒಂದರ ಮೇಲೊಂದು ಮೂರು. ಎರಡಡಿಗೆ ಕರೆಂಟಿನ ಕೇಬಲ್, ಮೇಲೆ ಎಚ್ಚರಿಕೆಗೆ ಇಟ್ಟಿದ್ದ ಇಟ್ಟಿಗೆ ಸಾಲು ಅರ್ಧಕ್ಕೇ ನಿಂತಿತ್ತು. ಮೂರೂವರೆ ಅಡಿಗೆ ನಕ್ಷೆಯಲ್ಲಿದ್ದ ಪೈಪು ಸಿಕ್ಕಿತು, ಆದರೆ ತೋರಿಸಿದ್ದ ಜಾಗಕ್ಕಿಂತ ಎರಡು ಮೀಟರ್ ಆಚೆ. ಅದರ ಪಕ್ಕದಲ್ಲೇ ಇನ್ನೊಂದು ಹಳೆಯ ಬೀಡು ಕಬ್ಬಿಣದ ಪೈಪು. ಅದು ಸತ್ತ ಪೈಪು ಅಂದುಕೊಂಡೆವು. ಮೇಸ್ತ್ರಿ ಮೊಣಕಾಲೂರಿ ಕಿವಿಯಿಟ್ಟು ಕೇಳಿ "ನೀರು ಹೋಗ್ತಾ ಐತಿ ಸಾರ್" ಅಂದ. ಅದರ ಕೆಳಗೆ ಕಲ್ಲು ಕಟ್ಟಿದ ಚರಂಡಿ. ಒಂದೂವರೆ ಮೀಟರ್ ಅಗಲದ ಒಂದು ಗುಂಡಿಯಲ್ಲಿ ಇಷ್ಟು. 12 ಕಿಲೋಮೀಟರ್‌ನಲ್ಲಿ ಎಷ್ಟಿರಬಹುದು?

ಇದನ್ನು ಕಡೆಗಣಿಸಿದರೆ ಏನಾಗುತ್ತದೆ ಎಂದು ತಿಳಿಯಲು ಸ್ಕಾಟ್‌ಲೆಂಡಿನ ಎಡಿನ್‌ಬರೋ ನೋಡಿ. ಅಲ್ಲಿ ಟ್ರಾಮ್ ಮಾರ್ಗಕ್ಕೆ 54.5 ಕೋಟಿ ಪೌಂಡ್ ಬಜೆಟ್ ಇತ್ತು. ವಿಮಾನ ನಿಲ್ದಾಣದಿಂದ ನ್ಯೂಹೇವನ್ ಬಂದರಿನವರೆಗೆ ಓಡಬೇಕಿತ್ತು. ನೆಲದಡಿಯ ಪೈಪುಗಳನ್ನು ಸರಿಸುವ ಕೆಲಸ 2007ರಲ್ಲಿ ಶುರುವಾಯಿತು. ಅದು ಮುಗಿಯುವ ಮೊದಲೇ, 2008ರಲ್ಲಿ, ಹಳಿ ಹಾಕುವ ಮುಖ್ಯ ಗುತ್ತಿಗೆಗೆ ಸಹಿ ಬಿತ್ತು. ಅಗೆದಲ್ಲೆಲ್ಲ ನಕ್ಷೆಯಲ್ಲಿ ಇಲ್ಲದ್ದು ಸಿಕ್ಕಿತು. ಹೆಚ್ಚಿನ ಖರ್ಚು ಯಾರು ಕೊಡಬೇಕು ಎಂದು ಗುತ್ತಿಗೆದಾರರಿಗೂ ನಗರಕ್ಕೂ ಜಗಳ ಹತ್ತಿ ಕೆಲಸ ನಿಂತಿತು. ಕೊನೆಗೆ 2014ರ ಮೇ 31ರಂದು, ಮೂರು ವರ್ಷ ತಡವಾಗಿ ಟ್ರಾಮ್ ಓಡಿತು. ಬರೀ 14 ಕಿಲೋಮೀಟರ್, ಬಂದರು ಮುಟ್ಟಲೇ ಇಲ್ಲ. ಖರ್ಚು 77.6 ಕೋಟಿ ಪೌಂಡ್. ತಪ್ಪು ಎಲ್ಲಾಯಿತು ಎಂದು ವಿಚಾರಣೆ ನಡೆಸಿದ ಲಾರ್ಡ್ ಹಾರ್ಡಿ ಅವರ ವರದಿ ಹೊರಬಂದದ್ದು 2023ರಲ್ಲಿ.

ಅದೇ ಊರು ಬಂದರಿನವರೆಗಿನ ಉಳಿದ ದಾರಿಯನ್ನು ಎರಡನೇ ಸಲ ಹೇಗೆ ಮಾಡಿತು ಎಂಬುದರಲ್ಲೂ ಪಾಠ ಇದೆ. ಈ ಸಲ ಒಂದು ರಸ್ತೆಯನ್ನು ಒಂದೇ ಸಲ ಅಗೆದು, ಪೈಪು ಸರಿಸಿ, ಹಳಿ ಹಾಕಿ, ಮುಚ್ಚಿ ಮುಂದೆ ಹೋದರು. ಒಂದು ಚರ್ಚಿನ ಹೊರಗೆ, ರಸ್ತೆಯ ಕೆಳಗೇ ಹಳೆಯ ಸ್ಮಶಾನ ಚಾಚಿಕೊಂಡಿತ್ತು. ಹಳಿಗಿಂತ ಮುಂಚೆ ಪುರಾತತ್ವದವರು ಅಗೆದು 360ಕ್ಕೂ ಹೆಚ್ಚು ಅಸ್ಥಿಪಂಜರಗಳನ್ನು ಗೌರವದಿಂದ ಹೊರತೆಗೆದರು. ಅದಕ್ಕೂ ಯೋಜನೆಯಲ್ಲಿ ಸಮಯ ಇಟ್ಟಿದ್ದರು. 20.7 ಕೋಟಿ ಪೌಂಡ್ ಬಜೆಟ್ಟಿನ ಆ ಮಾರ್ಗ 2023ರ ಜೂನ್‌ನಲ್ಲಿ ತೆರೆಯಿತು.

ನಿಮ್ಮೂರಿನಲ್ಲಿ ಕೇಳಬೇಕಾದ್ದು ಇಷ್ಟು. ಪ್ರತಿ ಸರ್ಕಲ್‌ನಲ್ಲೂ ಪರೀಕ್ಷಾ ಗುಂಡಿ ತೆಗೆದಿದ್ದೀರಾ? ಅಗೆಯದೆಯೇ ನೆಲದಡಿ ಏನಿದೆ ಎಂದು ಪತ್ತೆ ಮಾಡುವ ರಾಡಾರ್ ಸರ್ವೆ ಆಗಿದೆಯಾ? ಪೈಪು ಸರಿಸುವ ಕೆಲಸ ಮುಗಿಯುವ ಮೊದಲು ಹಳಿಯ ಟೆಂಡರ್ ಕೊಡುವುದಿಲ್ಲ ಎಂದು ಬರೆದುಕೊಡುತ್ತೀರಾ?

ದುಡ್ಡು ಎಲ್ಲಿಂದ?

ಮತ್ತೆ ನಮ್ಮ 12 ಕಿಲೋಮೀಟರ್ ಮಾರ್ಗಕ್ಕೆ ಬರೋಣ. ಕಿಲೋಮೀಟರಿಗೆ 150 ಕೋಟಿ ಎಂದಿಟ್ಟುಕೊಂಡರೆ 1,800 ಕೋಟಿ. ಕೇಂದ್ರದ ನೀತಿಯಲ್ಲಿ ಮೂರು ದಾರಿ ಇವೆ. ಖಾಸಗಿ ಪಾಲುದಾರಿಕೆಯಲ್ಲಿ ಕಟ್ಟಿ ಕೊರತೆ ತುಂಬುವ ಅನುದಾನ ಪಡೆಯುವುದು ಒಂದು. ಕೇಂದ್ರದಿಂದ ಯೋಜನಾ ವೆಚ್ಚದ ಶೇ. 10ರಷ್ಟು ಒಂದೇ ಗಂಟಾಗಿ ಪಡೆಯುವುದು ಇನ್ನೊಂದು. ಕೇಂದ್ರ-ರಾಜ್ಯ ಸಮಪಾಲಿನ ಕಂಪನಿ ಮಾಡುವುದು ಮೂರನೆಯದು. ಬೆಂಗಳೂರು ಉಪನಗರ ರೈಲು ಯೋಜನೆಯಲ್ಲಿ ಕೇಂದ್ರ ಶೇ. 20, ರಾಜ್ಯ ಶೇ. 20, ಉಳಿದ ಶೇ. 60 ಸಾಲ. ಅದನ್ನೇ ಇಲ್ಲಿಗೆ ಹಾಕಿದರೆ 360 ಕೋಟಿ, 360 ಕೋಟಿ, ಸಾಲ 1,080 ಕೋಟಿ.

ಪತ್ರಿಕೆಯ ಸುದ್ದಿ ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತದೆ. ಊರಿನ ಕಷ್ಟ ಇಲ್ಲಿಂದ ಶುರುವಾಗುತ್ತದೆ. 1,080 ಕೋಟಿಯನ್ನು 20 ವರ್ಷದಲ್ಲಿ ತೀರಿಸಲು ವರ್ಷಕ್ಕೆ 54 ಕೋಟಿ ಅಸಲು. ಬಡ್ಡಿ ಶೇ. 5 ಅಂದರೆ ಮೊದಲ ವರ್ಷ ಇನ್ನೊಂದು 54 ಕೋಟಿ. ಒಟ್ಟು 108 ಕೋಟಿ. ದಿನಕ್ಕೆ 60,000 ಜನ, ತಲೆಗೆ ಸರಾಸರಿ 18 ರೂಪಾಯಿ ಅಂದರೂ ವರ್ಷದ ಟಿಕೆಟ್ ಹಣ ಸುಮಾರು 39 ಕೋಟಿ. ಅದು ಕರೆಂಟು, ಸಂಬಳ, ಬಿಡಿಭಾಗಕ್ಕೇ ಸರಿಹೋಯಿತು ಎನ್ನಿ. ಸಾಲದ ಕಂತು 108 ಕೋಟಿ ಯಾರು ಕಟ್ಟುತ್ತಾರೆ?

ಉತ್ತರ ರಾಜ್ಯ ಸರ್ಕಾರ. ಓಡಿಸುವ ನಷ್ಟವೂ ರಾಜ್ಯದ್ದೇ. ಅದು ಪಾಪವೇನೂ ಅಲ್ಲ. ರಸ್ತೆಗೆ ಸುರಿದ ದುಡ್ಡನ್ನು ನಾವು ನಷ್ಟ ಅನ್ನುವುದಿಲ್ಲ, ಅಲ್ವಾ? ಆದರೆ ಈ ಹೊಣೆ ಬಜೆಟ್ ಪುಸ್ತಕದಲ್ಲಿ, 20 ವರ್ಷಕ್ಕೆ, ಮೊದಲೇ ಕಾಣಬೇಕು. ಇಲ್ಲದಿದ್ದರೆ ಐದನೇ ವರ್ಷ ಟಿಕೆಟ್ ದರ ಏರಿಸುವುದೊಂದೇ ದಾರಿ ಉಳಿಯುತ್ತದೆ. 2025ರ ಫೆಬ್ರವರಿಯಲ್ಲಿ ನಮ್ಮ ಮೆಟ್ರೋದ ಗರಿಷ್ಠ ದರ 60ರಿಂದ 90 ರೂಪಾಯಿಗೆ ಹೋದಾಗ ಬೆಂಗಳೂರಿನ ಜನ ಎಷ್ಟು ನೊಂದರು ಎಂದು ಎಲ್ಲರಿಗೂ ನೆನಪಿದೆ.

ಟಿಕೆಟ್ ಬಿಟ್ಟು ಬೇರೆ ಆದಾಯ ಹುಡುಕುವಾಗ ಒಂದು ಸೂತ್ರ ಇಟ್ಟುಕೊಳ್ಳಿ. ರೈಲಿನಿಂದ ಯಾರಿಗೆ ಲಾಭವೋ ಅವರಿಂದ ಒಂದು ಪಾಲು. ಫ್ರಾನ್ಸ್‌ನಲ್ಲಿ 11 ಮತ್ತು ಅದಕ್ಕಿಂತ ಹೆಚ್ಚು ಜನ ದುಡಿಯುವ ಸಂಸ್ಥೆಗಳು ಸಂಬಳದ ಲೆಕ್ಕದ ಮೇಲೆ ಸಾರಿಗೆ ತೆರಿಗೆ ಕಟ್ಟುತ್ತವೆ. 1971ರಲ್ಲಿ ಪ್ಯಾರಿಸ್ ಸುತ್ತ ಶುರುವಾಗಿ 1973ರಿಂದ ಬೇರೆ ನಗರಗಳಿಗೂ ಬಂದ ಪದ್ಧತಿ ಇದು. 1985ರಲ್ಲಿ ನಾಂತ್‌ನಿಂದ ಹಿಡಿದು ಅಲ್ಲಿ ಒಂದರ ಹಿಂದೊಂದು ಊರಿಗೆ ಟ್ರಾಮ್ ಬರಲು ದೊಡ್ಡ ಬಲ ಇದೇ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ 2012ರಿಂದ, 11 ಅಥವಾ ಹೆಚ್ಚು ಪಾರ್ಕಿಂಗ್ ಜಾಗ ಇರುವ ಕಂಪನಿಗಳಿಂದ ಪ್ರತಿ ಜಾಗಕ್ಕೂ ವರ್ಷಕ್ಕಿಷ್ಟು ಎಂದು ವಸೂಲಿ ಮಾಡುತ್ತದೆ. ಆ ದುಡ್ಡು ಸಾರಿಗೆಗೆ ಮಾತ್ರ. 2015ರಲ್ಲಿ ಶುರುವಾದ ಅಲ್ಲಿನ ಟ್ರಾಮ್ ಎರಡನೇ ಹಂತಕ್ಕೆ ಅದು ಆಸರೆಯಾಯಿತು. ಬೆಂಗಳೂರಿನಲ್ಲೂ ಒಂದು ದಾರಿ ತೆರೆದಿದೆ. ಕೋನಪ್ಪನ ಅಗ್ರಹಾರ ಮೆಟ್ರೋ ನಿಲ್ದಾಣಕ್ಕೆ ಇನ್ಫೋಸಿಸ್ ಫೌಂಡೇಶನ್ 200 ಕೋಟಿ ಕೊಡಲು ಒಪ್ಪಂದ ಮಾಡಿಕೊಂಡಿತು. ಕಾಡುಬೀಸನಹಳ್ಳಿಗೆ ಎಂಬಸಿ ಸಮೂಹ 100 ಕೋಟಿಗೆ ಒಪ್ಪಿತು. ಅಂಥ ದೊಡ್ಡ ಕಂಪನಿಗಳು ಎಲ್ಲ ಊರಲ್ಲೂ ಇರುವುದಿಲ್ಲ. ಮಾರ್ಗದ ಅಕ್ಕಪಕ್ಕ ಹೆಚ್ಚುವರಿ ಮಹಡಿಗೆ ಅನುಮತಿ ಕೊಟ್ಟು ಶುಲ್ಕ ಪಡೆಯುವುದು, ಹೊಸ ಬಡಾವಣೆಗಳಿಗೆ ಸೆಸ್, ಪಾರ್ಕಿಂಗ್ ಶುಲ್ಕ, ಇವು ಸಣ್ಣ ಊರಿಗೂ ಸಾಧ್ಯ. ಆದರೆ ಸೆಸ್ ಅಧಿಸೂಚನೆ ಮಾರ್ಗ ಪ್ರಕಟಿಸುವ ದಿನವೇ ಆಗಬೇಕು. ಎರಡು ವರ್ಷ ತಡ ಮಾಡಿದರೆ ಸೈಟು ಅಷ್ಟರಲ್ಲಿ ಕೈ ಬದಲಾಗಿರುತ್ತದೆ, ಏರಿದ ಬೆಲೆಯಲ್ಲಿ ಊರಿಗೆ ಬಿಡಿಗಾಸೂ ಸಿಗುವುದಿಲ್ಲ.

"ಎಲ್ಲ ಖಾಸಗಿಯವರೇ ಮಾಡುತ್ತಾರೆ, ಸರ್ಕಾರಕ್ಕೆ ಖರ್ಚಿಲ್ಲ" ಎಂದು ಯಾರಾದರೂ ಹೇಳಿದರೆ ನಂಬುವ ಮೊದಲು ಮೂರು ಹೆಸರು ನೆನಪಿಸಿಕೊಳ್ಳಿ. ದೆಹಲಿಯ ಏರ್‌ಪೋರ್ಟ್ ಮೆಟ್ರೋ 2011ರಲ್ಲಿ ಖಾಸಗಿಯಾಗಿ ಶುರುವಾಯಿತು, 2013ರಲ್ಲಿ ಸರ್ಕಾರಿ ಸಂಸ್ಥೆಯ ಕೈಗೆ ಬಂತು. ಗುರುಗ್ರಾಮದ ರಾಪಿಡ್ ಮೆಟ್ರೋ 2013ರಿಂದ 2019ರವರೆಗೆ ಖಾಸಗಿ, ಆಮೇಲೆ ಸರ್ಕಾರ. 2017ರಲ್ಲಿ ತೆರೆದ ಹೈದರಾಬಾದ್ ಮೆಟ್ರೋದ ಮೊದಲ ಹಂತವನ್ನು ಸಾಲದ ಸಮೇತ ವಹಿಸಿಕೊಳ್ಳಲು ತೆಲಂಗಾಣ ಸರ್ಕಾರ 2025ರಲ್ಲಿ ಒಪ್ಪಿತು. ಖಾಸಗಿಯವರು ಬಿಟ್ಟು ಹೋದರೂ ರೈಲು ನಿಲ್ಲಿಸುವ ಹಾಗಿಲ್ಲ. ಹಾಗಾಗಿ ರೈಲು ಓಡಿಸುವುದು, ಟಿಕೆಟ್ ವ್ಯವಸ್ಥೆ, ನಿರ್ವಹಣೆ ಇಂಥ ಬಿಡಿ ಕೆಲಸಗಳನ್ನು ಖಾಸಗಿಗೆ ಕೊಟ್ಟು, ಪ್ರಯಾಣಿಕರ ಸಂಖ್ಯೆಯ ಅಪಾಯವನ್ನು ಸರ್ಕಾರವೇ ಇಟ್ಟುಕೊಳ್ಳುವುದು ವಾಸಿ ಎಂದು ನನಗನಿಸುತ್ತದೆ.

ವಿದೇಶಿ ಸಾಲದ ಬಡ್ಡಿ ಕಮ್ಮಿ, ನಿಜ. ಆದರೆ ತೀರಿಸಬೇಕಾದ್ದು ಯೆನ್, ಯೂರೋ ಅಥವಾ ಡಾಲರ್‌ನಲ್ಲಿ. ರೂಪಾಯಿ ಬಿದ್ದಷ್ಟೂ ಕಂತು ಏರುತ್ತದೆ. ಇಥಿಯೋಪಿಯಾದ ಅಡಿಸ್ ಅಬಾಬಾ 2015ರಲ್ಲಿ 47.5 ಕೋಟಿ ಡಾಲರ್ ಖರ್ಚಿನಲ್ಲಿ ಲೈಟ್ ರೈಲ್ ಕಟ್ಟಿತು. ಶೇ. 85 ಭಾಗ ಚೀನಾದ ಎಕ್ಸಿಮ್ ಬ್ಯಾಂಕಿನ ಸಾಲ. ಬೇಗ ಕಟ್ಟಿದರು, ಜನ ಕಿಕ್ಕಿರಿದು ಹತ್ತಿದರು, ಟಿಕೆಟ್ ದರವೂ ಅಗ್ಗ. ಆದರೆ ಬಿಡಿಭಾಗ ತರಿಸಲು ಡಾಲರ್ ಸಿಗಲಿಲ್ಲ. ಕೆಲವೇ ವರ್ಷಗಳಲ್ಲಿ 41 ರೈಲುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಡಿಪೋದಲ್ಲೇ ನಿಂತವು. ಸ್ಟಾಪ್‌ನಲ್ಲಿ ಜನ ಇದ್ದರು, ಹಳಿ ಇತ್ತು, ರೈಲು ಇರಲಿಲ್ಲ. ರೈಲು ಕೊಳ್ಳುವ ಟೆಂಡರಿನಲ್ಲೇ ಹತ್ತು ಹದಿನೈದು ವರ್ಷದ ಬಿಡಿಭಾಗ, ನಿರ್ವಹಣೆಯನ್ನೂ ಸೇರಿಸಿ ಬೆಲೆ ಕೇಳಿ. ನಿರ್ವಹಣೆಗೆಂದೇ ಬೇರೆ ಖಾತೆ ಇರಲಿ.

ಕಟ್ಟುವಾಗ ಬೀದಿ ಬದುಕಿರಬೇಕು

ಇಡೀ 12 ಕಿಲೋಮೀಟರ್ ಒಟ್ಟಿಗೆ ಅಗೆಯಲು ಬಿಡಬೇಡಿ. ಅರ್ಧ ಕಿಲೋಮೀಟರ್ ಮುಗಿಸಿ, ಫುಟ್‌ಪಾತ್ ಹಾಕಿ, ಬೀದಿ ದೀಪ ಹೊತ್ತಿಸಿ ಮುಂದಿನ ತುಂಡಿಗೆ ಹೋಗಬೇಕು. ಒಂದು ಬೇಕರಿ ಮುಂದೆ ಆರು ತಿಂಗಳು ತಗಡಿನ ಗೋಡೆ ನಿಂತರೆ ಆ ಬೇಕರಿ ಉಳಿಯುವುದಿಲ್ಲ. ಹೂ ಮಾರುವವರು, ಗಾಡಿ ಇಟ್ಟುಕೊಂಡವರಂತೂ ಪರಿಹಾರದ ಪಟ್ಟಿಯಲ್ಲೇ ಇರುವುದಿಲ್ಲ. ಬೀದಿ ವ್ಯಾಪಾರಿಗಳ ಸರ್ವೆ ಕೆಲಸಕ್ಕೂ ಮೊದಲೇ ಆಗಲಿ, ಪರಿಹಾರದ ಹಣ ಯೋಜನಾ ವೆಚ್ಚದಲ್ಲೇ ಇರಲಿ. ಪ್ರತಿ ತುಂಡಿಗೂ ಒಬ್ಬ ಇಂಜಿನಿಯರ್‌ನ ಹೆಸರು, ಫೋನ್ ನಂಬರ್, ಮುಗಿಯುವ ತಾರೀಕು ದೊಡ್ಡ ಬೋರ್ಡಿನಲ್ಲಿ ಕನ್ನಡದಲ್ಲಿ ಬರೆದಿರಬೇಕು.

ಓಡಿಸುವ ಮುನ್ನ

ಹಳಿ, ತಂತಿ, ರೈಲು ಎಲ್ಲ ಬಂದ ಮೇಲೂ ತಿಂಗಳುಗಟ್ಟಲೆ ಪ್ರಾಯೋಗಿಕ ಓಡಾಟ ಬೇಕು. ಮೆಟ್ರೋ ರೈಲು ಸುರಕ್ಷತಾ ಆಯುಕ್ತರು ಬಂದು ನೋಡಿ ಒಪ್ಪಿಗೆ ಕೊಟ್ಟ ಮೇಲೇ ಜನ ಹತ್ತಬಹುದು. ಚುನಾವಣೆಯ ತಾರೀಕಿಗೆ ಹೊಂದಿಸಲು ಈ ತಿಂಗಳುಗಳನ್ನು ಕತ್ತರಿಸುವ ಒತ್ತಡ ಬರುತ್ತದೆ. ಆಗ ಊರಿನವರೇ "ನಿಧಾನವಾಗಲಿ, ಸರಿಯಾಗಿ ಆಗಲಿ" ಎಂದು ಬರೆದುಕೊಡಬೇಕು. ರಸ್ತೆ ಮೇಲಿನ ರೈಲಿಗೆ ಜನ ಹೊಂದಿಕೊಳ್ಳಲೂ ಸಮಯ ಬೇಕು. ಅದು ಬೈಕಿನ ಹಾಗೆ ಸರಿದು ದಾರಿ ಬಿಡುವುದಿಲ್ಲ, ಗಕ್ಕನೆ ನಿಲ್ಲುವುದೂ ಇಲ್ಲ. ಶಾಲೆ ಶಾಲೆಗೆ ಹೋಗಿ ಮಕ್ಕಳಿಗೆ ಹೇಳಿಕೊಡಬೇಕು. ಮಳೆಯಲ್ಲಿ ಬೈಕಿನ ಗಾಲಿ ಹಳಿಯ ಸಂದಿಗೆ ಸಿಕ್ಕಿದರೆ ಬೀಳುತ್ತಾರೆ. ಹಳಿಯನ್ನು ಅಡ್ಡಕ್ಕೇ ದಾಟಬೇಕು, ಉದ್ದಕ್ಕೆ ಸವರಿಕೊಂಡು ಹೋಗಬಾರದು ಎಂದು ಪ್ರತಿ ಪೆಟ್ರೋಲ್ ಬಂಕಿನಲ್ಲೂ ಬೋರ್ಡು ಹಾಕಿಸಿ.

ಅದೇ ಹೊತ್ತಿಗೆ ಊರಿನ ಬಸ್ ವೇಳಾಪಟ್ಟಿಯನ್ನು ಹೊಸದಾಗಿ ಬರೆಯಬೇಕು. ರೈಲಿನ ದಾರಿಯಲ್ಲೇ ಓಡುತ್ತಿದ್ದ ಬಸ್ಸುಗಳನ್ನು ಅಡ್ಡ ರಸ್ತೆಗಳಿಗೆ ತಿರುಗಿಸಿ, ಬಡಾವಣೆಗಳಿಂದ ಸ್ಟಾಪ್‌ಗೆ ತರಬೇಕು. ಬಸ್ಸಿಗೂ ರೈಲಿಗೂ ಒಂದೇ ಟಿಕೆಟ್ ಇರಬೇಕು. ಮೊದಲ ರೈಲು ಬೆಳಗ್ಗೆ ಐದಕ್ಕೆ ಹೊರಡುವುದಾದರೆ, ಪೌರಕಾರ್ಮಿಕರ ಕಾಲೋನಿಯಿಂದ ಸ್ಟಾಪ್‌ಗೆ ನಾಲ್ಕೂವರೆಗೆ ಒಂದು ಬಸ್ ಇದೆಯಾ ಎಂದು ಆ ವೇಳಾಪಟ್ಟಿಯಲ್ಲಿ ಹುಡುಕಿ ನೋಡಿ.